ಕೆರೆಬಿಳಚಿಯಲ್ಲಿ ಕೆಂಪು ದೀಪ

ಚಿತ್ರದುರ್ಗದ ನಮ್ಮ ಮನೆಯಲ್ಲಿ ಎರಡು ಬಗೆಯ ನೀರಿದೆ. ಒಂದು, ನಲ್ಲಿಯಲ್ಲಿ ಬರುವ ಸೂಳೆಕೆರೆಯ ನೀರು. ಇನ್ನೊಂದು ಬೋರ್‌ವೆಲ್ ನೀರು. ಮೊದಲನೆಯದು ಬಂದ ದಿನ ಮನೆಯಲ್ಲಿ ಹಬ್ಬದ ಗಡಿಬಿಡಿ. ಕೊಡ, ಬಿಂದಿಗೆ, ಡ್ರಮ್ಮು, ಕೊನೆಗೆ ಇಡ್ಲಿ ಪಾತ್ರೆಯೂ ತುಂಬುತ್ತದೆ. ಎರಡನೆಯದಕ್ಕೆ ಯಾರೂ ಸಂಭ್ರಮ ಪಡುವುದಿಲ್ಲ. ಅದರಲ್ಲಿ ಪಾತ್ರೆ ತೊಳೆದರೆ ಬಿಳಿಯ ಕಲೆ, ಸ್ನಾನದ ಮನೆಯ ಹೀಟರ್ ಕಾಯಿಲ್‌ಗೆ ಆರು ತಿಂಗಳಲ್ಲಿ ಸುಣ್ಣದ ಅಂಗಿ. ಆ ನೀರನ್ನು ನಾವು ಬಟ್ಟೆ ಒಗೆಯಲು, ಗಿಡಕ್ಕೆ ಹಾಕಲು ಬಳಸುತ್ತೇವೆ. ಕಾರಿಗೂ ಅದನ್ನೇ ಹಾಕುತ್ತಿದ್ದೆವು. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಆಮೇಲೆ ಬೇಕಾಗುತ್ತದೆ.

“ಇಷ್ಟು ವರ್ಷ ಕುಡಿದಿದ್ದೀವಿ, ಆ ಕೆರೆನ ಒಂದು ಸಲ ಕಣ್ಣಾರೆ ನೋಡ್ಬೇಕು ಮಗಾ” ಎಂದು ನಮ್ಮ ಅವ್ವ ಬಹಳ ದಿನಗಳಿಂದ ಹೇಳುತ್ತಿದ್ದಳು. ಕಳೆದ ಬೇಸಿಗೆಯಲ್ಲಿ, ಮಗನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ, ಒಂದು ಏಪ್ರಿಲ್ ಭಾನುವಾರ ಹೊರಟೆವು. ಅವ್ವ, ನನ್ನ ಹೆಂಡತಿ, ಮಗ ಮತ್ತು ನಾನು. ಜೊತೆಗೆ ಚಿತ್ರಾನ್ನ, ಮೊಸರನ್ನ, ಎರಡು ಕ್ಯಾನು ನೀರು. ಸೂಳೆಕೆರೆ ನೋಡಲು ಸೂಳೆಕೆರೆಯ ನೀರನ್ನೇ ಕ್ಯಾನಿನಲ್ಲಿ ತುಂಬಿಕೊಂಡು ಹೋಗುತ್ತಿದ್ದೇವಲ್ಲ ಎಂದು ಮಗ ನಕ್ಕ.

ಹೊಳಲ್ಕೆರೆ ದಾಟುವವರೆಗೆ ಎಲ್ಲವೂ ಸರಿಯಿತ್ತು. ಸರಿಯಿತ್ತು ಎಂದರೆ ಪೂರ್ತಿ ಸರಿಯಲ್ಲ. ಕಾರಿನ ಮುಂದಿನ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತು ದಿನಗಳಿಂದ ಉರಿಯುತ್ತಿತ್ತು. ಮೊದಲ ದಿನವೇ ಒಂದು ಗ್ಯಾರೇಜಿಗೆ ಹೋಗಿದ್ದೆ. ಅಲ್ಲಿನ ಹುಡುಗ ಯಾವುದೋ ಯಂತ್ರ ಚುಚ್ಚಿ, “ಸೆನ್ಸರ್ ಸುಮ್ನೆ ತೋರಿಸ್ತದೆ ಸಾರ್, ಡಿಲೀಟ್ ಮಾಡಿದೀನಿ” ಎಂದು ಮುನ್ನೂರು ರೂಪಾಯಿ ತೆಗೆದುಕೊಂಡ. ಮರುದಿನ ದೀಪ ಮತ್ತೆ ಬಂತು. ಗಾಡಿ ಚೆನ್ನಾಗಿ ಓಡುತ್ತಿತ್ತು. ಹಳದಿ ತಾನೆ, ಕೆಂಪಲ್ಲವಲ್ಲ ಎಂದು ನಾನು ಸುಮ್ಮನಾದೆ.

ಈ ದೀಪಗಳ ಬಣ್ಣಕ್ಕೆ ಒಂದು ಲೆಕ್ಕವಿದೆ. ರಸ್ತೆಯ ಸಿಗ್ನಲ್ ದೀಪಗಳ ಲೆಕ್ಕವೇ ಹೆಚ್ಚು ಕಡಿಮೆ. ಹಸಿರು ಮತ್ತು ನೀಲಿ ಎಂದರೆ ಯಾವುದೋ ಒಂದು ಕೆಲಸ ನಡೆಯುತ್ತಿದೆ ಎಂಬ ಸುದ್ದಿ ಮಾತ್ರ. ಹಳದಿ ಎಂದರೆ ಎಲ್ಲೋ ತೊಂದರೆಯಿದೆ, ಬೇಗ ನೋಡಿಸು. ಕೆಂಪು ಎಂದರೆ ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸು. ಎಣ್ಣೆಯ ಗಿಂಡಿಯ ಚಿತ್ರ ಕೆಂಪಾದರೆ ಎಂಜಿನ್ನನ್ನು ಆ ಕ್ಷಣವೇ ಆರಿಸಬೇಕು. ಎಣ್ಣೆಯ ಒತ್ತಡವಿಲ್ಲದೆ ಓಡುವ ಎಂಜಿನ್ ಬಹಳ ಹೊತ್ತು ಬದುಕುವುದಿಲ್ಲ. ಎಂಜಿನ್ ಆಕಾರದ ಹಳದಿ ದೀಪ ಸುಮ್ಮನೆ ಉರಿಯುವುದು ಒಂದು, ಮಿಣುಕುವುದು ಇನ್ನೊಂದು. ಮಿಣುಕಿದರೆ ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲು ಹೊಗೆಯ ಜೊತೆ ಹೋಗಿ ಕೆಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಬ್ಯಾಟರಿಯ ಕೆಂಪು ದೀಪ ಬಂದರೆ ಚಾರ್ಜ್ ಆಗುತ್ತಿಲ್ಲ ಎಂದರ್ಥ. ಅನೇಕ ಕಾರುಗಳಲ್ಲಿ ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ತಿರುಗಿಸುವುದು ಒಂದೇ ಬೆಲ್ಟು. ಅಂಥ ಕಾರಿನಲ್ಲಿ ಬ್ಯಾಟರಿಯ ದೀಪದ ಬೆನ್ನಿಗೇ ಬಿಸಿಯ ದೀಪವೂ ಬಂದರೆ, ಬೆಲ್ಟು ತುಂಡಾಗಿದೆ ಎಂದು ಬಾನೆಟ್ ತೆರೆಯದೆಯೇ ಹೇಳಬಹುದು.

ಹಿಂದಿನ ಕಾರುಗಳಲ್ಲಿ ಎಂಜಿನ್ನಿನ ಬಿಸಿ ತೋರಿಸಲು ಮುಳ್ಳು ಇರುತ್ತಿತ್ತು. ಈಗಿನ ಅನೇಕ ಚಿಕ್ಕ ಕಾರುಗಳಲ್ಲಿ ಅದಿಲ್ಲ, ನಮ್ಮದರಲ್ಲೂ ಇಲ್ಲ. ಬೆಳಿಗ್ಗೆ ಶುರು ಮಾಡಿದಾಗ ಥರ್ಮಾಮೀಟರಿನ ಚಿತ್ರವೊಂದು ನೀಲಿಯಾಗಿ ಬೆಳಗಿ, ಎಂಜಿನ್ ಬೆಚ್ಚಗಾದ ಮೇಲೆ ಆರುತ್ತದೆ. ಅದೇ ಚಿತ್ರ ಕೆಂಪಾದರೆ ಮಿತಿ ಮೀರಿದೆ ಎಂದು ತಿಳಿಯಬೇಕು. ನಡುವಿನ ಹಂತಗಳು ನಮಗೆ ಕಾಣುವುದೇ ಇಲ್ಲ. ಮುಳ್ಳು ತೆಗೆದದ್ದು ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ. ಪಾಸು ಇಲ್ಲವೇ ಫೇಲು, ಅಂಕ ಮಾತ್ರ ಕೇಳಬೇಡಿ ಎಂದ ಹಾಗಾಯಿತು.

ಚನ್ನಗಿರಿಯ ಬಸ್ ನಿಲ್ದಾಣದ ಬಳಿ ಗಾಡಿಗಳ ಸಾಲಿನಲ್ಲಿ ಹತ್ತು ನಿಮಿಷ ನಿಂತಾಗ ಆ ಕೆಂಪು ದೀಪ ಮೊದಲ ಸಲ ಬಂತು. ಎದೆ ಧಸಕ್ಕೆಂದಿತು. ಊರು ದಾಟಿ ದಾವಣಗೆರೆ ರಸ್ತೆಗೆ ಬಿದ್ದು ಸ್ವಲ್ಪ ವೇಗ ಹಿಡಿದ ಮೇಲೆ ಆರಿತು. ಸದ್ಯ, ತಾನೇ ಸರಿಹೋಯಿತು ಎಂದು ಸಮಾಧಾನಪಟ್ಟೆ. ಮೂವತ್ತು ವರ್ಷ ಮಕ್ಕಳಿಗೆ ‘ಕಾರಣವಿಲ್ಲದೆ ಕಾರ್ಯವಿಲ್ಲ’ ಎಂದು ಪಾಠ ಹೇಳಿದವನು ನಾನು.

ರಸ್ತೆಯ ಎರಡೂ ಕಡೆ ಅಡಿಕೆ ತೋಟ. ಈ ತಾಲ್ಲೂಕಿನಲ್ಲಿ ಅಡಿಕೆಯೇ ಮಾತು, ಅಡಿಕೆಯೇ ಲೆಕ್ಕ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ತನಕ ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ನೆಲದ ಹಸಿರು ನೋಡಿದರೆ ಅದು ಮನಸ್ಸಿನಲ್ಲಿ ಇನ್ನೂ ಅಲ್ಲೇ ಇದೆ ಅನಿಸುತ್ತದೆ. ದುರ್ಗದ ಬಂಡೆಗಳಿಂದ ಬಂದ ನಮ್ಮ ಕಣ್ಣಿಗೆ ಆ ನೆರಳೇ ಒಂದು ಪ್ರವಾಸ. ಹಾಗೇ ಬಂದು ಕೆರೆಬಿಳಚಿ ಸೇರಿದೆವು. ಕೆರೆಯನ್ನು ಹೆಸರಿನ ತಲೆಯ ಮೇಲೇ ಹೊತ್ತ ಊರು. ದೊಡ್ಡ ಊರೇ. ಅಂಗಡಿ ಸಾಲಿನ ನಡುವೆ ಎದುರಿನಿಂದ ಒಂದು ಹುಲ್ಲಿನ ಟ್ರಾಕ್ಟರು, ಹಿಂದಿನಿಂದ ಒಂದು ಬಸ್ಸು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೆಂಪು ದೀಪ ಮತ್ತೆ ಹತ್ತಿತು. ಈ ಸಲ ಅದು ಆರಲಿಲ್ಲ.

ಆ ಕ್ಷಣದಲ್ಲಿ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದೆ ಎಂದು ಹೇಳಿಕೊಳ್ಳಲು ಅಡ್ಡಿಯಿಲ್ಲ. ಏಸಿ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿದೆ. ಹೀಟರ್ ಎಂದರೆ ಕಾರಿನೊಳಗೆ ಇರುವ ಒಂದು ಪುಟ್ಟ ರೇಡಿಯೇಟರು. ಎಂಜಿನ್ನಿನ ಬಿಸಿ ನೀರಿನಲ್ಲಿ ಒಂದಿಷ್ಟನ್ನು ಅದರ ಮೂಲಕ ಹಾಯಿಸಿದರೆ ಅಷ್ಟು ಶಾಖ ನಮ್ಮ ಕಡೆಗೆ ಬರುತ್ತದೆ, ಎಂಜಿನ್ನಿಗೆ ಅಷ್ಟು ಹಗುರ. ನಡು ಮಧ್ಯಾಹ್ನ, ಏಪ್ರಿಲ್ ತಿಂಗಳು, ಮುಖಕ್ಕೆ ಬೆಂಕಿಯಂಥ ಗಾಳಿ. “ತಲೆ ಕೆಟ್ಟೈತೇನೋ ಮಗಾ” ಎಂದಳು ಅವ್ವ. ವಿವರಿಸುವಷ್ಟು ಪುರುಸೊತ್ತಿರಲಿಲ್ಲ. ಅಂಗಡಿ ಸಾಲು ದಾಟಿ ಒಂದು ಮರದಡಿ ನಿಲ್ಲಿಸಿ ಎಂಜಿನ್ ಆರಿಸಿದೆ. ಬಾನೆಟ್ಟಿನ ಸಂದಿಯಿಂದ ಸಣ್ಣಗೆ ಹಬೆ ಏಳುತ್ತಿತ್ತು.

ಅವ್ವನನ್ನು ಇಳಿಸಿ ನೆರಳಿಗೆ ಕೂರಿಸುವುದರಲ್ಲಿ ನಾನಿದ್ದೆ. ತಿರುಗಿ ನೋಡಿದರೆ ಮಗ ಬಾನೆಟ್ ಎತ್ತಿದ್ದಾನೆ. ಒಂದು ಕೈಯಲ್ಲಿ ನೀರಿನ ಕ್ಯಾನು. ಇನ್ನೊಂದು ಕೈಯಲ್ಲಿ ಟವೆಲ್ಲು ಹಿಡಿದು ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಲು ಬಗ್ಗಿದ್ದಾನೆ. ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಹಿಂದಿನಿಂದ ಯಾರೋ ಗುಡುಗಿದರು:

“ಏಯ್ ಹುಡುಗಾ! ಕೈ ತೆಗಿ! ಮುಖ ಬೆಂದು ಹೋಗ್ತದೆ!”

ಹುಡುಗ ಬೆಚ್ಚಿ ಎರಡು ಹೆಜ್ಜೆ ಹಿಂದೆ ಬಂದ. ಮೊಪೆಡ್ ನಿಲ್ಲಿಸಿ ಇಳಿದವರು ಅರವತ್ತರ ಆಸುಪಾಸಿನ ಒಬ್ಬ ಸಾಹೇಬರು. ಬಿಳಿ ಗಡ್ಡ, ಎಣ್ಣೆ ಹತ್ತಿದ ಅಂಗಿ. ಮೊಪೆಡ್ಡಿನ ಮುಂದೆ ಟ್ರಾಕ್ಟರಿನ ಯಾವುದೋ ಬಿಡಿಭಾಗ. ಅದೇ ಊರಿನ ಮೆಕ್ಯಾನಿಕ್ಕು. ನಮ್ಮ ಪುಣ್ಯಕ್ಕೆ ಅವರ ಅಂಗಡಿಗೆ ರಜೆ ಶುಕ್ರವಾರ, ಭಾನುವಾರವಲ್ಲ.

ಆ ಮುಚ್ಚಳದ ವಿಷಯವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಕೆರೆಬಿಳಚಿ ಸಮುದ್ರಮಟ್ಟದಿಂದ ಸುಮಾರು ಆರುನೂರು ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಆದರೆ ರೇಡಿಯೇಟರಿನ ಮುಚ್ಚಳ ಬರಿಯ ಮುಚ್ಚಳವಲ್ಲ, ಪ್ರೆಷರ್ ಕುಕ್ಕರಿನ ವೆಯ್ಟಿನ ತಮ್ಮ. ಒಳಗೆ ವಾಯುಮಂಡಲದ ಒತ್ತಡಕ್ಕಿಂತ ಸುಮಾರು ಒಂದು ಪಟ್ಟು ಹೆಚ್ಚು ಒತ್ತಡವನ್ನು ಅದು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ನೀರು 115 ಡಿಗ್ರಿಯಾದರೂ ಕುದಿಯದೆ ಸುಮ್ಮನಿರುತ್ತದೆ. ಈಗ ಮುಚ್ಚಳ ತೆರೆದೆವು ಎನ್ನಿ. ಒತ್ತಡ ಒಮ್ಮೆಲೇ ಇಳಿಯುತ್ತದೆ. 115ರ ನೀರಿಗೆ ಹೊಸ ಕುದಿಬಿಂದು 98. ಹೆಚ್ಚಾಗಿರುವ 17 ಡಿಗ್ರಿಯ ಶಾಖ ಎಲ್ಲಿಗೆ ಹೋಗಬೇಕು? ನೀರನ್ನು ಹಬೆ ಮಾಡುವುದಕ್ಕೆ. ಒಂದು ಗ್ರಾಂ ನೀರು ಹಬೆಯಾಗಲು ಸುಮಾರು 540 ಕ್ಯಾಲೊರಿ ಗುಪ್ತೋಷ್ಣ ಬೇಕು. ಒಳಗಿರುವುದು ನಾಲ್ಕು ಲೀಟರು, ಅಂದರೆ ನಾಲ್ಕು ಸಾವಿರ ಗ್ರಾಂ. ನಾಲ್ಕು ಸಾವಿರವನ್ನು ಹದಿನೇಳರಿಂದ ಗುಣಿಸಿ, 540ರಿಂದ ಭಾಗಿಸಿ. ಸುಮಾರು 125 ಗ್ರಾಂ. ಅಷ್ಟೇನಾ ಎನ್ನಬೇಡಿ. ಒಂದು ಗ್ರಾಂ ನೀರು ಹಬೆಯಾದರೆ ಸುಮಾರು 1,700 ಘನ ಸೆಂಟಿಮೀಟರ್ ಜಾಗ ಬೇಡುತ್ತದೆ. ಲೆಕ್ಕ ಮಾಡಿದರೆ ಇನ್ನೂರು ಲೀಟರಿಗಿಂತ ಹೆಚ್ಚು ಹಬೆ. ನಮ್ಮ ಮನೆಯ ನೀರಿನ ಡ್ರಮ್ಮಿನಷ್ಟು. ಅದು ಬಾಟಲಿ ಬಾಯಿಯಷ್ಟು ಕಿಂಡಿಯಿಂದ, ಉಳಿದ ಬಿಸಿನೀರನ್ನೂ ಎತ್ತಿಕೊಂಡು, ಬಗ್ಗಿದ ಮುಖಕ್ಕೆ ಚಿಮ್ಮುತ್ತದೆ. ಚರ್ಮಕ್ಕೆ ತಾಗಿ ಮತ್ತೆ ನೀರಾಗುವಾಗ ಆ 540 ಕ್ಯಾಲೊರಿಯನ್ನೂ ಅಲ್ಲೇ ಬಿಟ್ಟುಕೊಡುತ್ತದೆ. ನನ್ನ ಮಗ ಗುಪ್ತೋಷ್ಣದ ಪ್ರಶ್ನೆಗೆ ಪೂರ್ತಿ ಅಂಕ ತೆಗೆದವನು. ಅವನಿಗೆ ಪಾಠ ಹೇಳಿದವನು ನಾನೇ.

ಕ್ಯಾನಿನ ತಣ್ಣೀರನ್ನು ಸುರಿಯಲು ಹೊರಟಿದ್ದೂ ಅಷ್ಟೇ ತಪ್ಪು. ಅಲ್ಯೂಮಿನಿಯಂ ಎರಕಹೊಯ್ದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವ, ಕುಗ್ಗುವ ಲೋಹ. ಕಾದ ಅಲ್ಯೂಮಿನಿಯಂ ಹೆಡ್ಡಿಗೆ ತಣ್ಣೀರು ತಾಗಿದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

“ಆರ್ಲಿ ಮೇಷ್ಟ್ರೇ. ಮುಕ್ಕಾಲು ಗಂಟೆ ಯಾರೂ ಮುಟ್ಟಬ್ಯಾಡ್ರಿ. ಕೆರೆ ನೋಡಾಕೆ ಬಂದೀರಲ್ಲ, ನೋಡ್ಕೊಂಡು ಬನ್ನಿ. ಅಮ್ಮಾರನ್ನ ಬಿಸಿಲಾಗೆ ಯಾಕೆ ಕೂರಿಸ್ತೀರಿ” ಎಂದು ಅವರೇ ಒಂದು ಆಟೋ ಕರೆಸಿದರು. ನಾನು ಮೇಷ್ಟ್ರು ಎಂದು ಅವರಿಗೆ ಹೇಗೆ ತಿಳಿಯಿತೋ ಗೊತ್ತಿಲ್ಲ. ಅದು ನಮ್ಮ ಮುಖದ ಮೇಲೇ ಬರೆದಿರುತ್ತದಂತೆ.

ಆಟೋ ಏರಿಯ ಮೇಲೆ ಬಂದು ನಿಂತಾಗ ಅವ್ವ ಮಾತನಾಡಲಿಲ್ಲ. ಕಣ್ಣು ಹಾಯುವವರೆಗೂ ನೀರು. ಸುತ್ತಳತೆ ಮೂವತ್ತು ಮೈಲಿ, ವಿಸ್ತೀರ್ಣ 6,550 ಎಕರೆ ಎಂದು ಲೆಕ್ಕ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಹರಿದ್ರಾ ಎಂಬ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಕೆರೆ ಇದು. ಏರಿ ಉದ್ದವಿಲ್ಲ, ಅದರ ಅಗಲ ಮತ್ತು ಎತ್ತರ ಮಾತ್ರ ದಂಗುಬಡಿಸುತ್ತವೆ. ಸಿದ್ಧನಾಲೆ, ಬಸವನಾಲೆ ಎಂದು ಎರಡು ಕಾಲುವೆಗಳು. ಹನ್ನೆರಡನೆಯ ಶತಮಾನದಲ್ಲಿ ಶಾಂತವ್ವೆ ಎಂಬ ರಾಜಕುಮಾರಿ ಕಟ್ಟಿಸಿದಳೆಂದು ಕಥೆ. ಕೆರೆಗೆ ಬೇಕಾದ ಜಾಗ ಸೂಳೆಯರದಾಗಿತ್ತು, ಕೆರೆಗೆ ತಮ್ಮ ಹೆಸರಿಡುವುದಾದರೆ ಬಿಟ್ಟುಕೊಡುತ್ತೇವೆಂದು ಅವರು ಕೇಳಿದರು, ಅವಳು ಒಪ್ಪಿದಳು ಎನ್ನುತ್ತಾರೆ. ಈಗ ಕಾಗದಪತ್ರಗಳಲ್ಲಿ ಶಾಂತಿಸಾಗರ. ಜನರ ಬಾಯಲ್ಲಿ ಸೂಳೆಕೆರೆ. ಆ ಹೆಣ್ಣುಮಕ್ಕಳು ಜಾಗ ಕೊಟ್ಟು ಕೇಳಿದ್ದು ಇಷ್ಟೇ ಆಗಿದ್ದರೆ, ಹಳೆಯ ಹೆಸರನ್ನು ಹೇಳಲು ನಾಚುವುದು ನ್ಯಾಯವಲ್ಲ ಎಂದು ಅವ್ವ ಅಂದಳು.

ಬೆಂಗಳೂರಿನ ಸ್ಯಾಂಕಿ ಕೆರೆಗೆ ಹೆಸರು ಕೊಟ್ಟ ಬ್ರಿಟಿಷ್ ಎಂಜಿನಿಯರ್ ಸ್ಯಾಂಕಿ ಈ ಕೆರೆಯ ಜಾಗದ ಬಗ್ಗೆ ತಕರಾರು ತೆಗೆದಿದ್ದನ್ನು ರೈಸ್ ಅವರ ಮೈಸೂರು ಗ್ಯಾಸೆಟಿಯರಿನಲ್ಲಿ ಓದಿದ್ದೆ. ಕೆಳಗೆ ನೀರುಣ್ಣುವ ಭೂಮಿ ಎಷ್ಟೋ, ಒಳಗೆ ಮುಳುಗಿದ ಭೂಮಿಯೂ ಅಷ್ಟಿರಬಹುದು ಎಂಬುದು ಅವನ ಲೆಕ್ಕ. ಎರಡು ನಾಲೆಗಳಿಂದ ನೀರಾವರಿಯಾಗುವ ಭೂಮಿ 4,700 ಎಕರೆಯಷ್ಟು ಎನ್ನುವುದನ್ನು ನೋಡಿದರೆ ಅವನ ಮಾತು ಸುಳ್ಳಲ್ಲ. ಆದರೆ ಅವನ ಲೆಕ್ಕದಲ್ಲಿ ಚಿತ್ರದುರ್ಗದ ನಮ್ಮ ಅಡುಗೆಮನೆಯ ಬಿಂದಿಗೆ ಇರಲಿಲ್ಲ. ಅವ್ವ ಮೆಲ್ಲಗೆ ಇಳಿದು ಎರಡು ಬೊಗಸೆ ನೀರು ತೆಗೆದು ಕಣ್ಣಿಗೆ ಹಚ್ಚಿಕೊಂಡಳು. ಗುಡ್ಡದ ಸಿದ್ಧೇಶ್ವರನಿಗೆ ಅಲ್ಲಿಂದಲೇ ಕೈಮುಗಿದಳು. ನನಗೆ ಮಾತ್ರ ತೂಬು, ಏರಿ, ಒತ್ತಡ, ಎಲ್ಲವೂ ರೇಡಿಯೇಟರಿನ ಹಾಗೆ ಕಾಣುತ್ತಿದ್ದವು. ಹೆಂಡತಿ “ಇಲ್ಲೂ ಕಾರೇನಾ?” ಎಂದಳು.

ಹಿಂದಿರುಗಿದಾಗ ಸಾಹೇಬರು ಚಹಾ ಕುಡಿಯುತ್ತಿದ್ದರು. ಪಕ್ಕದಲ್ಲಿ ಐಟಿಐ ಮುಗಿಸಿದ ಅವರ ಮಗ. ರೇಡಿಯೇಟರಿನ ಮೇಲಿನ ಕೊಳವೆಯನ್ನು ಕೈಯಿಂದ ಮುಟ್ಟಿ, ಹಿಚುಕಿ, ಮೆತ್ತಗಾಗಿದೆ, ಒತ್ತಡ ಇಳಿದಿದೆ ಎಂದು ಖಾತ್ರಿಯಾದ ಮೇಲೆ ಮುಚ್ಚಳ ತೆರೆದರು. ಒಳಗೆ ನೀರು ಅರ್ಧಕ್ಕಿಂತ ಕೆಳಗೆ, ಬಣ್ಣ ಕಡು ಚಹಾ. ಮೀಸಲು ಡಬ್ಬಿಯಲ್ಲಿ ಏನೂ ಇಲ್ಲ.

“ಕೂಲಂಟ್ ಹಾಕ್ತೀರೋ, ನೀರು ಹಾಕ್ತೀರೋ?”

“ನೀರು.”

“ಯಾವ ನೀರು?”

“ಬೋರ್‌ವೆಲ್ಲು.”

ಅವರು ನನ್ನನ್ನು ನೋಡಿದರು. “ಸೈನ್ಸ್ ಮೇಷ್ಟ್ರು” ಎಂದು ನನ್ನ ಹೆಂಡತಿ ಪರಿಚಯ ಮಾಡಿಕೊಟ್ಟಳು.

ಗಡುಸು ನೀರನ್ನು ಕಾಯಿಸಿದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಸುಣ್ಣದ ಪದರವಾಗಿ ಕೂರುತ್ತದೆ. ರೇಡಿಯೇಟರಿನ ಅಲ್ಯೂಮಿನಿಯಂ ಶಾಖವನ್ನು ಎಷ್ಟು ಚೆನ್ನಾಗಿ ಸಾಗಿಸುತ್ತದೋ, ಆ ಸುಣ್ಣ ಅದಕ್ಕಿಂತ ಸುಮಾರು ನೂರು ಪಟ್ಟು ಕಡಿಮೆ ಸಾಗಿಸುತ್ತದೆ. ನೀರು ಗಟ್ಟಿಯಾಗುವ ಚಳಿ ನಮ್ಮಲ್ಲಿ ಇಲ್ಲವಲ್ಲ, ಕೂಲಂಟ್ ಯಾಕೆ ಎಂದು ನಾನೂ ವಾದ ಮಾಡಿದವನೇ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಚಳಿಯಲ್ಲಿ ಘನೀಭವಿಸುವುದನ್ನು ತಡೆಯುವುದಷ್ಟೇ ಅಲ್ಲ, ಕುದಿಬಿಂದುವನ್ನೂ ಏರಿಸುತ್ತದೆ. ಜೊತೆಗೆ ತುಕ್ಕು ತಡೆಯುವ ರಾಸಾಯನಿಕಗಳು ಅದರಲ್ಲಿರುತ್ತವೆ. ನಮ್ಮ ಸೀಮೆಗೆ ಮುಖ್ಯವಾದದ್ದು ಈ ಕೊನೆಯದು.

ಮುಂದಿನ ಅರ್ಧ ಗಂಟೆ ಅವರು ಮಾಡಿದ್ದನ್ನು ನನ್ನ ಪ್ರಯೋಗಾಲಯದ ಮಕ್ಕಳಿಗೆ ತೋರಿಸಬೇಕಿತ್ತು. ಒಂದು ಊಹೆ, ಒಂದು ಪರೀಕ್ಷೆ. ಊಹೆ ಸುಳ್ಳಾದರೆ ಮುಂದಿನದು. ಮೊದಲು ನನ್ನ ವಿಚಾರಣೆ: ದೀಪ ಯಾವಾಗ ಬಂತು? ಗಾಡಿ ನಿಂತಾಗಲೋ, ಓಡುವಾಗಲೋ? ಊರೊಳಗೆ ನಿಂತಾಗ ಬಂತು, ಹೊರಗೆ ವೇಗವಾಗಿ ಹೋಗುವಾಗ ಆರಿತು ಎಂದೆ. “ಹಂಗಾದ್ರೆ ಫ್ಯಾನ್ ತಿರುಗ್ತಿಲ್ಲ” ಎಂದುಬಿಟ್ಟರು. ಓಡುವ ಗಾಡಿಗೆ ಎದುರು ಗಾಳಿಯೇ ಫ್ಯಾನು. ನಿಂತ ಗಾಡಿಗೆ ಫ್ಯಾನಿಲ್ಲದೆ ಗತಿಯಿಲ್ಲ. ವೇಗವಾಗಿ ಹೋಗುವಾಗಲೂ ಬಿಸಿ ಏರುತ್ತಿದ್ದರೆ ಆಗ ಥರ್ಮೋಸ್ಟಾಟ್, ನೀರಿನ ಪಂಪ್, ಕಟ್ಟಿದ ರೇಡಿಯೇಟರುಗಳ ಮೇಲೆ ಸಂಶಯ ಪಡಬೇಕು.

ಎಂಜಿನ್ ಎಣ್ಣೆಯ ಕಡ್ಡಿ ಎಳೆದು ಬೆಳಕಿಗೆ ಹಿಡಿದಾಗ ನಾನು ಉಸಿರು ಬಿಗಿಹಿಡಿದಿದ್ದೆ. ಎಣ್ಣೆ ಹಾಲು ಹಾಕಿದ ಕಾಫಿಯಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಎಣ್ಣೆಗೆ ಸೇರಿದೆ ಎಂದು ಅರ್ಥ. ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬಿಡದೆ ಬರುತ್ತಿದ್ದರೂ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೂ ಅದೇ ಸಂಶಯ. ಹಾಗಾದರೆ ಹೆಡ್ ಇಳಿಸಬೇಕು, ಮಗನ ಪಿಯುಸಿ ಫೀಜಿಗೆಂದು ತೆಗೆದಿಟ್ಟ ಹಣ ಅಲ್ಲಿಗೆ. ಎಣ್ಣೆ ಕಪ್ಪಗೆ, ಎಣ್ಣೆಯಂತೆಯೇ ಇತ್ತು. “ಬಚಾವಾದ್ರಿ” ಎಂದರು.

ಕೀ ತಿರುಗಿಸಿ ಏಸಿ ಹಾಕಿದರೆ ಈ ಕಾರಿನಲ್ಲಿ ಫ್ಯಾನ್ ಸುತ್ತಬೇಕು. ಸುತ್ತಲಿಲ್ಲ. ಎರಡು ತಂತಿಗಳಿಂದ ಬ್ಯಾಟರಿಯನ್ನು ನೇರವಾಗಿ ಫ್ಯಾನಿಗೆ ಮುಟ್ಟಿಸಿದರು, ಗಿರ್ರನೆ ತಿರುಗಿತು. ಅಲ್ಲಿಗೆ ಮೋಟಾರು ನಿರಪರಾಧಿ. ಫ್ಯೂಸ್ ನೋಡಿದರು, ಸರಿಯಿತ್ತು. ಅಷ್ಟರಲ್ಲಿ ಅವರ ಮಗ ಸ್ಟೀರಿಂಗ್ ಕೆಳಗೆ ಬೆಂಕಿಪೊಟ್ಟಣದಷ್ಟು ಸಾಧನವೊಂದನ್ನು ಸಿಕ್ಕಿಸಿ ಮೊಬೈಲ್ ನೋಡುತ್ತಿದ್ದ. 2013ರ ಏಪ್ರಿಲ್‌ನಿಂದೀಚೆಗೆ ನಮ್ಮ ದೇಶದ ಹೊಸ ಕಾರುಗಳಲ್ಲಿ ಕಡ್ಡಾಯವಾದ ವ್ಯವಸ್ಥೆ ಅದು. ಎಂಜಿನ್ನಿನ ಕಂಪ್ಯೂಟರ್ ತನ್ನ ದೂರನ್ನು ಒಂದು ಸಂಕೇತವಾಗಿ ಬರೆದಿಡುತ್ತದೆ. “ಅಬ್ಬಾ, ಪಿ ಸೊನ್ನೆ ನಾಲ್ಕು ಎಂಟು ಸೊನ್ನೆ” ಎಂದ ಹುಡುಗ. ಅಬ್ಬಾ ಎಂದರೆ ಅಪ್ಪ. ನಾನು ಆಶ್ಚರ್ಯಸೂಚಕ ಎಂದು ತಿಳಿದಿದ್ದೆ. ಆ ಸಂಕೇತದ ಅರ್ಥ: ರೇಡಿಯೇಟರ್ ಫ್ಯಾನನ್ನು ನಿಯಂತ್ರಿಸುವ ವಿದ್ಯುತ್ ಮಂಡಲದಲ್ಲಿ ದೋಷ. ಹತ್ತು ದಿನಗಳಿಂದ ಆ ಹಳದಿ ದೀಪ ಹೇಳುತ್ತಿದ್ದದ್ದು ಇದನ್ನೇ.

ಉಳಿದದ್ದು ರಿಲೇ. ಸಾಹೇಬರು ಫ್ಯಾನಿನ ರಿಲೇ ಕಿತ್ತು, ಅದೇ ಪೆಟ್ಟಿಗೆಯಲ್ಲಿದ್ದ ಅದೇ ನಮೂನೆಯ ಹಾರ್ನಿನ ರಿಲೇಯನ್ನು ಆ ಜಾಗದಲ್ಲಿ ಕೂರಿಸಿದರು. ಏಸಿ ಹಾಕಿದ ಕೂಡಲೇ ಫ್ಯಾನ್ ಸುತ್ತಿತು. ಮಗ ಚಪ್ಪಾಳೆ ತಟ್ಟಿದ.

ನೀರು ಕಡಿಮೆಯಾಗುತ್ತಿದ್ದುದಕ್ಕೆ ಕಾರಣ ಕೆಳಗಿನ ಕೊಳವೆಯ ಸಡಿಲ ಕ್ಲಿಪ್ಪು. ಸುತ್ತಲೂ ಉಪ್ಪಿನಂಥ ಪುಡಿ ಕಟ್ಟಿತ್ತು. ಬಿಗಿ ಮಾಡಿದರು. ಹಳೆಯ ನೀರನ್ನು ತಗಡಿನ ಡಬ್ಬಿಗೆ ಇಳಿಸುವಾಗ ಬೀದಿನಾಯಿಯೊಂದು ಮೂಸಲು ಬಂತು, ಅದನ್ನು ಅಟ್ಟಿದರು. ಕೂಲಂಟಿನ ರುಚಿ ಸಿಹಿ, ಗುಣ ವಿಷ; ನಾಯಿ, ದನ, ಪುಟ್ಟ ಮಕ್ಕಳಿರುವ ಕಡೆ ಚೆಲ್ಲಬಾರದು. ಟ್ರಾಕ್ಟರುಗಳಿಗೆಂದು ಇಟ್ಟಿದ್ದ ಕೂಲಂಟನ್ನೂ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನೂ ಸಮಸಮ ಬೆರೆಸಿ ತುಂಬಿದರು. ಎಂಜಿನ್ ಶುರುವಾಯಿತು. ನಾವೆಲ್ಲ ಮೊಬೈಲ್ ಸುತ್ತ ನಿಂತೆವು. 80, 86, 91. ಕೆಳಗಿನ ಕೊಳವೆಯೂ ಬೆಚ್ಚಗಾಯಿತು. ಥರ್ಮೋಸ್ಟಾಟ್ ತೆರೆದಿದೆ ಎಂದಾಯಿತು. 97ಕ್ಕೆ ಫ್ಯಾನ್ ತಾನಾಗಿ ಹೊರಳಿತು. 95, 93. ಕ್ರಿಕೆಟ್ ಸ್ಕೋರ್ ಕೂಡ ಇಷ್ಟು ಶ್ರದ್ಧೆಯಿಂದ ನೋಡಿದವನಲ್ಲ ನಾನು.

ಸಾಮಾನಿನ ದುಡ್ಡಿನ ಮೇಲೆ ಇನ್ನೂರು ರೂಪಾಯಿ ತೆಗೆದುಕೊಂಡರು. ಇನ್ನೂ ಕೊಡಹೋದರೆ ಬೇಡವೆಂದರು. ಅವ್ವ ಚಿತ್ರಾನ್ನದ ಡಬ್ಬಿ ಮುಂದಿಟ್ಟಳು. ಅದನ್ನು ಅಪ್ಪ ಮಗ ಇಬ್ಬರೂ ತಿಂದರು.

“ಹಾರ್ನ್ ಇಲ್ಲ ಮೇಷ್ಟ್ರೇ, ನೆನಪಿರಲಿ. ನಿಧಾನ ಹೋಗ್ರಿ. ನಾಳೆ ಹೊಸ ರಿಲೇ ಹಾಕ್ಸಿ, ರೇಡಿಯೇಟರ್ ತೊಳಿಸ್ರಿ.”

ಹಾರ್ನಿಲ್ಲದೆ ಗಾಡಿ ಓಡಿಸುವುದು ಕಾನೂನಿಗೆ ಸರಿಯಲ್ಲ. ಭಾನುವಾರ ಚನ್ನಗಿರಿಯಲ್ಲಿ ನಾವು ಹುಡುಕಿದ ಬಿಡಿಭಾಗಗಳ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ತಿರುವು ಬಂದಲ್ಲೆಲ್ಲ ಮಗ ಕಿಟಕಿಯಿಂದ ಕೈ ಹಾಕಿ ಬಾಗಿಲು ಬಡಿದ. ಹೊಳಲ್ಕೆರೆಯ ಹತ್ತಿರ ಕುರಿಮಂದೆಗೆ ಅವ್ವನೇ ಕೂಗು ಹಾಕಿದಳು. ಮನೆ ತಲುಪಿದಾಗ ರಾತ್ರಿ ಒಂಬತ್ತು. ಓಣಿಯ ತುಂಬ ಕೊಡಗಳ ಸದ್ದು, ನಲ್ಲಿಯಲ್ಲಿ ನೀರು ಬಂದಿತ್ತು. ಹೆಂಡತಿ ಬ್ಯಾಗನ್ನು ಅಲ್ಲೇ ಎಸೆದು ಓಡಿದಳು.

ಮರುವಾರ ರೇಡಿಯೇಟರ್ ತೊಳೆಸಿದೆ. ಎರಡು ಬಕೆಟ್ ಕೆಂಚು ನೀರು ಬಂತು. ಒಂದು ಬಾಟಲಿಯಷ್ಟನ್ನು ಬಿಗಿಯಾಗಿ ಮುಚ್ಚಿ, ‘ವಿಷ’ ಎಂದು ಚೀಟಿ ಅಂಟಿಸಿ, ಶಾಲೆಯ ಪ್ರಯೋಗಾಲಯದ ಗಾಜಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಗಡುಸು ನೀರಿನ ಪಾಠ ಬಂದಾಗ ತೋರಿಸುತ್ತೇನೆ. ಯಾರ ಕಾರಿನದು ಸಾರ್ ಎಂದು ಮಕ್ಕಳು ಕೇಳುತ್ತಾರೆ.